ಮಾಯಾ ಜನರ ಚಿತ್ತಾರದ ಮಡಕೆಗಳು: ಉಣ್ಣಲಿಕ್ಕೋ, ಹೂಳಲಿಕ್ಕೋ?

ಪ್ರಶ್ನೆ: ದುರ್ಗದ ವಿದ್ಯಾರ್ಥಿ (ಚಿತ್ರದುರ್ಗ)

ನಮ್ಮ ಕಾಲೇಜಿನ ಇತಿಹಾಸ ಸಂಘದಲ್ಲಿ ಹಳೆಯ ಮಡಕೆಗಳ ಬಗ್ಗೆ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಯ ಉತ್ಖನನಗಳಲ್ಲಿ ಸಿಕ್ಕ ಮಡಕೆ ಚೂರುಗಳ ವಿಷಯ ಇಲ್ಲಿನ ಕೇಳುಗರಿಗೆ ಅಷ್ಟಿಷ್ಟು ಗೊತ್ತಿರುವುದರಿಂದ, ಅವುಗಳ ಪಕ್ಕದಲ್ಲಿ ದೂರದ ಇನ್ನೊಂದು ಪರಂಪರೆಯನ್ನು ಇಟ್ಟು ತೋರಿಸಬೇಕೆಂದು ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಬಣ್ಣದ ಮಡಕೆಗಳನ್ನು ಆರಿಸಿಕೊಂಡೆ. ಆರಿಸಿಕೊಂಡ ಮೇಲೆ ಗೊಂದಲ ಶುರುವಾಗಿದೆ. ಒಂದು ಕಡೆ ಓದಿದರೆ ಇವು ರಾಜರ ಸಮಾಧಿಯಲ್ಲಿ ಇಡಲೆಂದೇ ಮಾಡಿದ ಮಡಕೆಗಳು ಎನ್ನುತ್ತಾರೆ. ಇನ್ನೊಂದು ಕಡೆ ಇವು ಕೋಕೋ ಪಾನೀಯ ಕುಡಿಯುವ ಲೋಟಗಳು ಎನ್ನುತ್ತಾರೆ. ಮೈತುಂಬಾ ದೇವತೆಗಳನ್ನೂ ಆಸ್ಥಾನದ ದೃಶ್ಯಗಳನ್ನೂ ಬರೆದು, ಅಂಚಿನಲ್ಲಿ ಲಿಪಿಯ ಪಟ್ಟಿಯನ್ನೂ ಸುತ್ತಿದ ಪಾತ್ರೆಯಲ್ಲಿ ನಿಜವಾಗಿಯೂ ಯಾರಾದರೂ ಕುಡಿಯುತ್ತಿದ್ದರೇ?

ನನ್ನ ಸಂಶಯಗಳು ಮುಖ್ಯವಾಗಿ ಎರಡು. ಯಾವ ಪಾತ್ರೆ ಯಾವ ಕೆಲಸಕ್ಕೆ ಎಂಬುದನ್ನು ವಿದ್ವಾಂಸರು ಯಾವ ಆಧಾರದ ಮೇಲೆ ಹೇಳುತ್ತಾರೆ? ಆಕಾರವನ್ನು ನೋಡಿ ಊಹಿಸುವುದೋ, ಬರಹವನ್ನು ಓದಿ ಹೇಳುವುದೋ, ಒಳಗೆ ಉಳಿದದ್ದನ್ನು ಪರೀಕ್ಷಿಸಿ ತಿಳಿಯುವುದೋ? ಎರಡನೆಯದಾಗಿ, ಇವು ಅರಮನೆಯವರ ಸೊತ್ತು ಮಾತ್ರವೇ ಅಥವಾ ಸಾಮಾನ್ಯರ ಮನೆಗಳಲ್ಲಿಯೂ ಇದ್ದವೇ? ಈ ವಿಷಯವನ್ನು ಓದಿಕೊಂಡವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ವಿದ್ಯಾನಗರದ ಅಧ್ಯಾಪಕಿ (ದಾವಣಗೆರೆ)

ಮೊದಲಿಗೆ ಬರಹದ ವಿಷಯ, ಏಕೆಂದರೆ ನಿಮ್ಮ ಗೊಂದಲದ ಮೂಲ ಅಲ್ಲೇ ಇದೆ. ನೀವು ನೋಡಿರುವ ಬಹುಪಾಲು ಪಾತ್ರೆಗಳು ಮಾಯಾ ನಾಗರಿಕತೆಯ ಕ್ಲಾಸಿಕ್ ಕಾಲಕ್ಕೆ, ಅಂದರೆ ಸುಮಾರು ಕ್ರಿ.ಶ. 250ರಿಂದ 900ರವರೆಗಿನ ಅವಧಿಗೆ ಸೇರಿದವು. ಅದರಲ್ಲೂ ದೃಶ್ಯಗಳನ್ನು ಸುತ್ತಲೂ ಬರೆದ ನೀಳ ಲೋಟಗಳು ಹೆಚ್ಚಾಗಿ 7 ಮತ್ತು 8ನೇ ಶತಮಾನದವು. ಇವುಗಳ ಬಾಯಿಯಂಚಿನ ಕೆಳಗೆ ಸುತ್ತುವ ಲಿಪಿಯನ್ನು ಬಹಳ ಕಾಲ ಯಾರೂ ಗಂಭೀರವಾಗಿ ಪರಿಗಣಿಸಿರಲಿಲ್ಲ. ಮಾಯಾ ಅಧ್ಯಯನದ ದೊಡ್ಡ ಹೆಸರಾದ ಎರಿಕ್ ಥಾಂಪ್ಸನ್ ಅವರೇ, ಓದು ಬರಹ ಬಾರದ ಕುಶಲಿಗರು ಅಲಂಕಾರಕ್ಕೆಂದು ಅಕ್ಷರಗಳನ್ನು ನಕಲು ಮಾಡಿದ್ದಾರೆ ಎಂದು ತಿಳಿದಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಪುರಾತತ್ವಜ್ಞ ಮೈಕೆಲ್ ಕೋ ಅವರು ಅನೇಕ ಪಾತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದೇ ಚಿಹ್ನೆಗಳು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಿರುವುದು ಕಂಡಿತು. ಆ ಸರಣಿಗೆ ಅವರು ಪ್ರೈಮರಿ ಸ್ಟ್ಯಾಂಡರ್ಡ್ ಸೀಕ್ವೆನ್ಸ್ ಎಂಬ ಹೆಸರಿಟ್ಟರು. ಪಾತ್ರೆಗಳ ಮೇಲೆ ಶಿಬಾಲ್ಬಾ ಎಂಬ ಪಾತಾಳಲೋಕದ ದೃಶ್ಯಗಳು ಹೇರಳವಾಗಿದ್ದುದರಿಂದ, ಇದು ಸತ್ತವರ ಪಯಣಕ್ಕೆ ಸಂಬಂಧಿಸಿದ ಮಂತ್ರವಿರಬಹುದೆಂದು ಕೋ ಊಹಿಸಿದರು. ಇವು ಸಮಾಧಿಗೆಂದೇ ಮಾಡಿದ ಮಡಕೆಗಳು ಎಂಬ ಮಾತು ನೀವು ಓದಿದ ಪುಸ್ತಕಗಳವರೆಗೆ ಹರಿದುಬಂದಿರುವುದು ಬಹುಮಟ್ಟಿಗೆ ಈ ಊಹೆಯಿಂದಲೇ.

1980ರ ದಶಕದಲ್ಲಿ ಡೇವಿಡ್ ಸ್ಟುವರ್ಟ್, ಸ್ಟೀಫನ್ ಹೂಸ್ಟನ್, ಕಾರ್ಲ್ ಟೌಬೆ ಮೊದಲಾದವರು ಚಿಹ್ನೆಗಳನ್ನು ಒಂದೊಂದಾಗಿ ಬಿಡಿಸಿದಾಗ ಆ ಮಂತ್ರ ಮಾಯವಾಯಿತು. ಅಲ್ಲಿದ್ದದ್ದು ಒಡೆತನದ ಗುರುತು. ಇದಕ್ಕೆ ದಾರಿ ಮಾಡಿಕೊಟ್ಟದ್ದು ಮಡಕೆಯಲ್ಲ, ಒಂದು ಕಿವಿಯಾಭರಣ: ಬೆಲೀಜ್ ದೇಶದ ಅಲ್ತುನ್ ಹಾ ಎಂಬಲ್ಲಿ ಸಿಕ್ಕ ಆ ಆಭರಣದ ಮೇಲೆ ಇದು ಇಂಥವರ ಕಿವಿಯೋಲೆ ಎಂದು ಬರೆದಿರುವುದನ್ನು ಪೀಟರ್ ಮ್ಯಾಥ್ಯೂಸ್ 1979ರಲ್ಲಿ ಗುರುತಿಸಿದ್ದರು. ಮಡಕೆಗಳ ಬರಹವೂ ಅದೇ ಜಾಡಿನದು. ಪಾತ್ರೆಯನ್ನು ಬಳಕೆಗೆ ಅರ್ಪಿಸಿದ ಮಾತು, ಅದರ ಮೇಲ್ಮೈಗೆ ಚಿತ್ರ ಬರೆದ ಮಾತು, ಪಾತ್ರೆಯ ಜಾತಿ, ಅದರೊಳಗೆ ಹಾಕುವ ಪದಾರ್ಥ, ಕೊನೆಗೆ ಒಡೆಯನ ಹೆಸರು ಮತ್ತು ಬಿರುದುಗಳು. ನೀಳ ಲೋಟದ ಮೇಲೆ ಸಾಮಾನ್ಯವಾಗಿ ಯುಕಿಬ್, ಅಂದರೆ 'ಅವನ ಕುಡಿಯುವ ಪಾತ್ರೆ', ಎಂದಿರುತ್ತದೆ. ಅಗಲವಾದ ತಟ್ಟೆಗಳ ಮೇಲೆ ಲಾಕ್ ಎಂಬ ಪದ ಬರುತ್ತದೆ. ಪದಾರ್ಥದ ಜಾಗದಲ್ಲಿ ಅತಿ ಹೆಚ್ಚು ಕಾಣುವುದು ಕಕವ್, ಅಂದರೆ ಕೋಕೋ. ಅದನ್ನು ಬರೆಯುವ ರೀತಿ ಸ್ವಾರಸ್ಯಕರವಾದದ್ದು: 'ಕ' ಎಂಬ ಧ್ವನಿಗೆ ಮೀನಿನ ಚಿಹ್ನೆ, ಅದರ ಪಕ್ಕದಲ್ಲಿ ಎರಡು ಚುಕ್ಕೆ ಇಟ್ಟರೆ ಆ ಧ್ವನಿಯನ್ನು ಎರಡು ಬಾರಿ ಓದಬೇಕೆಂದು ಅರ್ಥ, ಕೊನೆಯಲ್ಲಿ 'ವ' ಚಿಹ್ನೆ. ಕೆಲವು ಬಟ್ಟಲುಗಳ ಮೇಲೆ ಕಕವ್ ಬದಲಿಗೆ ಉಲ್ ಎಂದಿರುತ್ತದೆ. ಅದು ಮೆಕ್ಕೆಜೋಳದ ಗಂಜಿ.

ಹೀಗಾಗಿ ಆಕಾರಕ್ಕೂ ಕೆಲಸಕ್ಕೂ ಇದ್ದ ನಂಟನ್ನು ಮಾಯಾ ಜನರೇ ಬರೆದಿಟ್ಟಿದ್ದಾರೆ. ನೀಳ ಲೋಟ ಕೋಕೋಗೆ, ದುಂಡು ಬಟ್ಟಲು ಗಂಜಿಗೆ, ಮೂರು ಕಾಲಿನ ಅಗಲ ತಟ್ಟೆ ತಮಾಲೆಗೆ. ತಮಾಲೆ ಎಂದರೆ ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿನಿಸು. ಲೋಟಗಳ ಮೇಲಿನ ಆಸ್ಥಾನ ದೃಶ್ಯಗಳಲ್ಲಿ ರಾಜನ ಪೀಠದ ಕೆಳಗೆ ಇಂಥ ತಟ್ಟೆಯಲ್ಲಿ ತಮಾಲೆ ರಾಶಿ ಹಾಕಿರುವುದೂ ಪಕ್ಕದಲ್ಲಿ ನೊರೆ ಉಕ್ಕುವ ಲೋಟ ಇಟ್ಟಿರುವುದೂ ಕಾಣುತ್ತದೆ. ಕೆಲವು ತಟ್ಟೆಗಳ ಟೊಳ್ಳು ಕಾಲುಗಳೊಳಗೆ ಮಣ್ಣಿನ ಉಂಡೆಗಳನ್ನು ಸೇರಿಸಿರುತ್ತಾರೆ. ತಟ್ಟೆಯನ್ನು ಎತ್ತಿದರೆ ಅವು ಗಿಲಕಿಯಂತೆ ಸದ್ದು ಮಾಡುತ್ತವೆ. ಬರೀ ಹೂಳುವುದಕ್ಕೆಂದು ಮಾಡುವ ತಟ್ಟೆಗೆ ಗಿಲಕಿ ಏತಕ್ಕೆ ಎಂಬುದು ನನ್ನ ಪ್ರಶ್ನೆ.

ಉತ್ತರ: ಪ್ರಯೋಗಶಾಲೆಯ ಮಗ್ಗುಲಿಂದ (ದಾವಣಗೆರೆ)

ನಾನು ಇತಿಹಾಸದವನಲ್ಲ, ರಸಾಯನಶಾಸ್ತ್ರ ಪಾಠ ಮಾಡುವವನು. ಪದಾರ್ಥದ ಹೆಸರನ್ನು ಪಾತ್ರೆಯ ಮೇಲೆ ಬರೆದ ಮಾತ್ರಕ್ಕೆ ಅದರೊಳಗೆ ಅದೇ ಇತ್ತು ಎಂದು ಒಪ್ಪಲು ನನ್ನ ಶಿಸ್ತಿನವರಿಗೆ ಕಷ್ಟ. ಆದ್ದರಿಂದ ಪರೀಕ್ಷೆಗಳು ಏನು ಹೇಳಿವೆ ಎಂಬುದನ್ನು ಸೇರಿಸುತ್ತೇನೆ.

ಗ್ವಾಟೆಮಾಲಾ ದೇಶದ ಈಶಾನ್ಯ ಮೂಲೆಯಲ್ಲಿ ರಿಯೊ ಅಸುಲ್ ಎಂಬ ನಿವೇಶನವಿದೆ. ಅಲ್ಲಿ ಕಳ್ಳರ ಕೈಗೆ ಸಿಗದೆ ಉಳಿದಿದ್ದ ಒಂದು ಸಮಾಧಿಯನ್ನು 1984ರಲ್ಲಿ ತೆರೆದಾಗ, 5ನೇ ಶತಮಾನದ ಉತ್ತರಾರ್ಧಕ್ಕೆ ಸೇರಿದ ಒಂದು ವಿಚಿತ್ರ ಗಡಿಗೆ ಸಿಕ್ಕಿತು. ಅದರ ಮೇಲೆ ಕಮಾನಿನಂತೆ ಬಾಗಿದ ಹಿಡಿ ಇದೆ. ಮುಚ್ಚಳವನ್ನು ಕೂರಿಸಿ ತಿರುಗಿಸಿದರೆ ಅದು ಕಂಠಕ್ಕೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಮೈಗೆ ಗಾರೆ ಬಳಿದು ಅದರ ಮೇಲೆ ದೊಡ್ಡ ಅಕ್ಷರಗಳನ್ನು ಬಣ್ಣದಲ್ಲಿ ಬರೆದಿದ್ದರು. ಡೇವಿಡ್ ಸ್ಟುವರ್ಟ್ ಅದರಲ್ಲಿ ಕಕವ್ ಎಂಬುದನ್ನು ಓದಿದರು. ಒಳಗೆ ಅಂಟಿಕೊಂಡಿದ್ದ ಕಪ್ಪು ಶೇಷವನ್ನು ಅಮೆರಿಕದ ಹರ್ಷೀ ಚಾಕೊಲೇಟ್ ಕಂಪನಿಯ ಪ್ರಯೋಗಶಾಲೆಗೆ ಕಳುಹಿಸಲಾಯಿತು. ಅಲ್ಲಿ ಜೆಫ್ರಿ ಹರ್ಸ್ಟ್ ಮತ್ತು ಸಂಗಡಿಗರು ಥಿಯೋಬ್ರೊಮೀನ್ ಮತ್ತು ಕೆಫೀನ್ ಎರಡನ್ನೂ ಕಂಡುಹಿಡಿದರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಥಿಯೋಬ್ರೊಮೀನಿಗೆ ಯಾಕಿಷ್ಟು ಮಹತ್ವ ಎಂದರೆ, ಆ ಪ್ರದೇಶದ ಸಸ್ಯಗಳ ಪೈಕಿ ಅದು ಪ್ರಧಾನವಾಗಿ ಇರುವುದು ಕೋಕೋದಲ್ಲಿ. ಶತಮಾನಗಳು ಕಳೆದರೂ ಸುಲಭವಾಗಿ ಶಿಥಿಲವಾಗದ ಅಣು ಅದು, ತೀರಾ ಹೆಚ್ಚು ಕಾವಿನಲ್ಲಿ ಸುಡದ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಅದು ಇಂಗಿ ಕುಳಿತಿರುತ್ತದೆ.

ಬರಹವೂ ಶೇಷವೂ ಒಂದಕ್ಕೊಂದು ತಾಳೆಯಾದ ಎರಡನೆಯ ಪ್ರಸಂಗ 2012ರಲ್ಲಿ ವರದಿಯಾಯಿತು, ಅದು ಕೋಕೋದ್ದಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಿಸ್ಲಾಕ್ ಸಂಗ್ರಹದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಒಂದು ಕುಡಿಕೆ ಇದೆ, ಸುಮಾರು ಕ್ರಿ.ಶ. 700ರ ಕಾಲದ್ದು. ಅದರ ಮೇಲಿನ ಬರಹವನ್ನು 'ಅವನ ಹೊಗೆಸೊಪ್ಪಿನ ಮನೆ' ಎಂದು ಓದಿದ್ದಾರೆ. ಒಳಗಿನ ಪುಡಿಯನ್ನು ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದಿಂದ ಪರೀಕ್ಷಿಸಿದಾಗ ನಿಕೋಟಿನ್ ಸಿಕ್ಕಿತು. ಹೊಗೆ ಸೇದಿದ ನಂತರ ಉಳಿಯುವ ರಾಸಾಯನಿಕಗಳ ಗುರುತು ಇರಲಿಲ್ಲವಾದ್ದರಿಂದ, ಅದು ಸುಟ್ಟ ತಂಬಾಕಲ್ಲ, ಪುಡಿಯಾಗಿ ತುಂಬಿಟ್ಟದ್ದು ಎಂದು ತಿಳಿಯಬಹುದಾಯಿತು. ಇಷ್ಟು ನಿರ್ದಿಷ್ಟವಾಗಿ ಒಂದೇ ಕೆಲಸಕ್ಕೆ ಮೀಸಲಾದ ಪಾತ್ರೆ ಸಿಗುವುದು ಅಪರೂಪ.

ಬರಹವೇ ಇಲ್ಲದ ಪಾತ್ರೆಗಳಲ್ಲಿಯೂ ಶೇಷ ಮಾತನಾಡುತ್ತದೆ. ಉತ್ತರ ಬೆಲೀಜಿನ ಕೋಲ್ಹಾದಲ್ಲಿ ಸಿಕ್ಕ ಸೊಂಡಿಲಿನ ಗಿಂಡಿಗಳಲ್ಲಿ ಕೋಕೋ ಇದ್ದುದು 2002ರಲ್ಲಿ ಖಚಿತವಾಯಿತು. ಅವುಗಳಲ್ಲಿ ಹಳೆಯವು ಕ್ರಿ.ಪೂ. 600ರ ಸುಮಾರಿನವು, ಅಂದರೆ ಚಿತ್ತಾರದ ನೀಳ ಲೋಟಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನವು. ಪಾನೀಯ ಉಳಿಯಿತು, ಪಾತ್ರೆಯ ಆಕಾರ ಬದಲಾಯಿತು.

ಇನ್ನು ಮಿತಿಗಳ ವಿಷಯ. ಶೇಷ ಸಿಗದಿದ್ದರೆ ಪಾತ್ರೆ ಬಳಕೆಯಾಗಿರಲಿಲ್ಲ ಎಂದು ಅರ್ಥವಲ್ಲ. ಅನೇಕ ಪಾತ್ರೆಗಳನ್ನು ಹೂಳುವಾಗ ಕೆಮ್ಮಣ್ಣಿನಂಥ ಕಬ್ಬಿಣದ ಆಕ್ಸೈಡನ್ನು ತುಂಬಿರುತ್ತಾರೆ, ಅದರಡಿಯಲ್ಲಿ ಹಿಂದಿನ ಪದಾರ್ಥದ ಗುರುತು ಮುಚ್ಚಿಹೋಗುತ್ತದೆ. ವಸ್ತುಸಂಗ್ರಹಾಲಯಕ್ಕೆ ಬಂದ ಮೇಲೆ ತೊಳೆದು ಉಜ್ಜಿ ಥಳಥಳ ಹೊಳೆಯುವಂತೆ ಮಾಡಿದ ಪಾತ್ರೆಯಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಇನ್ನೊಂದು ಮಗ್ಗುಲಿಂದ ಹೇಳುವುದಾದರೆ, ಕಾಫಿ ಕುಡಿದ ಕೈಯಿಂದ ಮುಟ್ಟಿದ ಪಾತ್ರೆಯಲ್ಲಿ ಕೆಫೀನ್ ಸಿಕ್ಕಿತೆಂದು ಸಂಭ್ರಮಿಸುವುದೂ ತರವಲ್ಲ.

ಉತ್ತರ: ಹೊಳಲ್ಕೆರೆ ಓದುಗ (ಚಿತ್ರದುರ್ಗ ಜಿಲ್ಲೆ)

ಮೇಲಿನ ಇಬ್ಬರ ಮಾತಿಗೂ ಒಂದು ತಕರಾರು ಸೇರಿಸಬೇಕಾಗಿದೆ. ಇಬ್ಬರೂ ಪಾತ್ರೆಗೆ ಒಂದೇ ಕೆಲಸವಿತ್ತೆಂಬಂತೆ ಬರೆದಿದ್ದಾರೆ. ಕುಡಿಯುವುದಕ್ಕೆ ಮಾಡಿದ ಲೋಟ ಔತಣದಲ್ಲಿ ಕೈಯಿಂದ ಕೈಗೆ ಹೋಗುತ್ತದೆ, ಮರುದಿನ ಅತಿಥಿಯ ಜೊತೆ ಅವನೂರಿಗೆ ಹೋಗುತ್ತದೆ, ಅವನು ಸತ್ತಾಗ ಅವನೊಂದಿಗೆ ಮಣ್ಣಿಗೆ ಹೋಗುತ್ತದೆ. ನಮಗೆ ಸಿಗುವುದು ಕೊನೆಯ ನಿಲ್ದಾಣದಲ್ಲಿ. ಸಮಾಧಿಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಸಮಾಧಿಗೆಂದೇ ಮಾಡಿದ್ದು ಎನ್ನುವುದು ಎಷ್ಟು ತಪ್ಪೋ, ಕಕವ್ ಎಂದು ಬರೆದಿರುವುದರಿಂದ ಅದು ಕುಡಿಯುವ ಲೋಟ ಮಾತ್ರ ಎನ್ನುವುದೂ ಅಷ್ಟೇ ಅಪೂರ್ಣ.

ಇದಕ್ಕೆ ಒಳ್ಳೆಯ ಸಾಕ್ಷಿ ಬೆಲೀಜಿನ ಬ್ವೆನಾವಿಸ್ತಾ ದೆಲ್ ಕಾಯೊ ಎಂಬ ಸಣ್ಣ ಕೇಂದ್ರದಲ್ಲಿ 1980ರ ದಶಕದ ಕೊನೆಯಲ್ಲಿ ಉತ್ಖನನದಲ್ಲೇ ಸಿಕ್ಕ, ಈಗ ಜಾನ್ಸಿ ಹೂದಾನಿ ಎಂದು ಕರೆಯಲಾಗುವ ಲೋಟ. ಅದು ಒಬ್ಬ ಯುವಕನ ಸಮಾಧಿಯಲ್ಲಿತ್ತು. ಅದರ ಮೇಲೆ ಇರುವ ಹೆಸರು ಆ ಯುವಕನದಲ್ಲ, ನೆರೆಯ ನರಾಂಹೋ ರಾಜ್ಯದ ದೊರೆ ಕಾಕ್ ತಿಲಿವ್ ಚಾನ್ ಚಾಕ್‌ನದು. ಈತ 693ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದವನು. ದೊಡ್ಡ ರಾಜನ ಹೆಸರು ಹೊತ್ತ ಲೋಟ ಸಣ್ಣ ಊರಿನ ಗಣ್ಯನ ಕೈ ಸೇರಿದೆ ಎಂದರೆ ಅದು ಉಡುಗೊರೆ. ಉಡುಗೊರೆಯಲ್ಲಿ ಸ್ನೇಹವೂ ಇದೆ, ಅಧೀನತೆಯ ನೆನಪೂ ಇದೆ. ನರಾಂಹೋದ ಲೋಟಗಳನ್ನು ಬರೆದವರೂ ಸಾಮಾನ್ಯ ಕೂಲಿಗಳಲ್ಲ. ಅಹ್ ಮಾಶಾಮ್ ಎಂದು ಸಹಿ ಮಾಡಿದ ಚಿತ್ರಕಾರ, ತಾನು ಅಲ್ಲಿನ ದೊರೆಯ ಮಗನೆಂದು ಲೋಟದ ಮೇಲೆಯೇ ಬರೆದುಕೊಂಡಿದ್ದಾನೆ. ರಾಜಕುಮಾರನೇ ಕುಂಚ ಹಿಡಿದು ಬರೆದ ಲೋಟವನ್ನು ಕಾಣಿಕೆ ಕೊಟ್ಟರೆ ಅದನ್ನು ಪಡೆದವನು ಎಷ್ಟು ಜನಕ್ಕೆ ತೋರಿಸಿಕೊಂಡಿರಬಹುದು ಎಂದು ಯೋಚಿಸಿ.

ಸಾಮಾನ್ಯರ ಮನೆಯ ಪ್ರಶ್ನೆಗೆ ಎಲ್ ಸಾಲ್ವಡೋರ್ ದೇಶದ ಹೋಯಾ ದೆ ಸೆರೆನ್ ಉತ್ತರ ಕೊಡುತ್ತದೆ. 7ನೇ ಶತಮಾನದಲ್ಲಿ ಪಕ್ಕದ ಜ್ವಾಲಾಮುಖಿ ಸಿಡಿದು ಈ ಪುಟ್ಟ ರೈತ ಹಳ್ಳಿ ಹಲವಾರು ಅಡಿ ಬೂದಿಯಡಿ ಹೂತುಹೋಯಿತು. ಜನ ಉಟ್ಟ ಬಟ್ಟೆಯಲ್ಲೇ ಓಡಿದ್ದರಿಂದ ಮನೆಯ ಸಾಮಾನು ಇದ್ದಲ್ಲೇ ಉಳಿದಿದೆ. ಪೇಸನ್ ಶೀಟ್ಸ್ ಅವರ ನೇತೃತ್ವದಲ್ಲಿ 1978ರಿಂದ ಅಲ್ಲಿ ಕೆಲಸ ನಡೆದಿದೆ, 1993ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಮನೆಗಳಲ್ಲಿ ಕಾಳು ತುಂಬುವ ಗುಡಾಣ, ಅಡುಗೆಯ ಗಡಿಗೆಗಳ ಜೊತೆಗೆ ಕೋಪಾಡೋರ್ ಎಂದು ಕರೆಯುವ ಬಣ್ಣದ ಬಟ್ಟಲುಗಳೂ ಇದ್ದವು. ಉಂಡು ತೊಳೆಯದೆ ಬಿಟ್ಟ ಬಟ್ಟಲುಗಳ ತಳದಲ್ಲಿ ಬೆರಳಿನಿಂದ ಬಳಿದು ತಿಂದ ಗೀರುಗಳು ಹಾಗೆಯೇ ಉಳಿದಿವೆ. ಬಣ್ಣದ ಮಡಕೆ ಅರಮನೆಯ ಏಕಸ್ವಾಮ್ಯವಾಗಿರಲಿಲ್ಲ. ಅರಮನೆಗೆ ಮೀಸಲಾಗಿದ್ದದ್ದು ಆಸ್ಥಾನದ ದೃಶ್ಯ, ಒಡೆಯನ ಹೆಸರು, ಓದಬಲ್ಲ ಬರಹ. ಎಷ್ಟೋ ಮಡಕೆಗಳ ಅಂಚಿನಲ್ಲಿ ಅಕ್ಷರದಂತೆ ಕಂಡರೂ ಓದಲಾಗದ ಚಿಹ್ನೆಗಳಿರುತ್ತವೆ. ಬರಹದ ಘನತೆ ಬೇಕಿತ್ತು, ಬರೆಯಬಲ್ಲವರು ಸಿಕ್ಕಿರಲಿಲ್ಲ.

ಇನ್ನೊಂದು ಎಚ್ಚರಿಕೆ. ನೀವು ಅಂತರ್ಜಾಲದಲ್ಲಿ ನೋಡುವ ಅತಿ ಸುಂದರ ಲೋಟಗಳಲ್ಲಿ ಬಹಳಷ್ಟು ಕಳ್ಳತನದಿಂದ ಅಗೆದು ಮಾರಿದವು. ಯಾವ ಊರಿನ ಯಾವ ಕೋಣೆಯಲ್ಲಿ ಯಾರ ಪಕ್ಕದಲ್ಲಿ ಇತ್ತು ಎಂಬುದು ಶಾಶ್ವತವಾಗಿ ಕಳೆದುಹೋಗಿದೆ. ಸಾಂಸ್ಕೃತಿಕ ಸೊತ್ತಿನ ಕಳ್ಳಸಾಗಣೆಯ ವಿರುದ್ಧ ಯುನೆಸ್ಕೋ ಒಪ್ಪಂದ 1970ರಲ್ಲೇ ಆಗಿದ್ದರೂ, ಗ್ವಾಟೆಮಾಲಾದ ಪೆತೆನ್ ಪ್ರದೇಶದ ಪ್ರಾಚ್ಯವಸ್ತುಗಳ ಆಮದಿಗೆ ಅಮೆರಿಕ ನಿರ್ಬಂಧ ಹಾಕಿದ್ದು 1991ರಲ್ಲಿ. ಮಾರಾಟಕ್ಕೆಂದು ಮಸುಕಾದ ಗೆರೆಗಳನ್ನು ಹೊಸ ಬಣ್ಣದಲ್ಲಿ ತಿದ್ದಿದ ಪಾತ್ರೆಗಳೂ ಉಂಟು. ಬಳಕೆಯ ಬಗ್ಗೆ ಗಟ್ಟಿಯಾಗಿ ಹೇಳಬೇಕಾದರೆ ಉತ್ಖನನದಲ್ಲಿ ಸಿಕ್ಕ ಪಾತ್ರೆಯನ್ನೇ ಆಧರಿಸಬೇಕು.

ಮರುಪ್ರಶ್ನೆ: ದುರ್ಗದ ವಿದ್ಯಾರ್ಥಿ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞ. ತಯಾರಿಕೆಯ ಬಗ್ಗೆ ಒಂದು ಪ್ರಶ್ನೆ ಉಳಿಯಿತು. ಮಾಯಾ ಜನರಿಗೆ ತಿಗರಿ ಇರಲಿಲ್ಲ ಎಂದು ಓದಿದ್ದೇನೆ. ತಿಗರಿಯಿಲ್ಲದೆ ಅಷ್ಟು ನೇರವಾದ, ತೆಳುವಾದ ಲೋಟ ಹೇಗೆ ಸಾಧ್ಯ? ಆ ಹೊಳಪು ಗಾಜಿನ ಲೇಪದಿಂದ ಬಂದದ್ದೇ? ಜೊತೆಗೆ, ಸಮಾಧಿ ಮತ್ತು ಪೂಜೆಗೇ ಮೀಸಲಾದ ಮಡಕೆಗಳು ಇದ್ದೇ ಇಲ್ಲವೇ?

ಉತ್ತರ: ಆವಿಗೆಯ ಮನೆಯವನು (ಚಳ್ಳಕೆರೆ ಕಡೆ)

ನಮ್ಮದು ಕುಂಬಾರಿಕೆಯ ಮನೆ, ಆದ್ದರಿಂದ ತಯಾರಿಕೆಯ ಭಾಗವನ್ನು ನಾನು ಬರೆಯುತ್ತೇನೆ. ತಿಗರಿ ಇಲ್ಲದಿದ್ದರೆ ತೆಳು ಮಡಕೆ ಆಗದು ಎಂಬುದು ತಿಗರಿಯ ಮೇಲೆ ಕುಳಿತವರ ಭ್ರಮೆ. ಮಾಯಾ ಕುಂಬಾರರು ಮಣ್ಣನ್ನು ಹಗ್ಗದಂತೆ ಹೊಸೆದು ಸುರುಳಿಯಾಗಿ ಒಂದರ ಮೇಲೊಂದು ಕೂರಿಸಿ, ಒಳಗೂ ಹೊರಗೂ ಸವರಿ ಜೋಡಣೆಯ ಗುರುತು ಅಳಿಸಿ, ಅರೆ ಒಣಗಿದಾಗ ಹೆರೆದು ತೆಳ್ಳಗೆ ಮಾಡುತ್ತಿದ್ದರು. ಯುಕಟಾನಿನ ಕುಂಬಾರರು ಇತ್ತೀಚಿನ ಕಾಲದವರೆಗೂ ಕಬಲ್ ಎಂಬ ಮರದ ಬಿಲ್ಲೆಯನ್ನು ನುಣುಪಾದ ಹಲಗೆಯ ಮೇಲಿಟ್ಟು ಪಾದದಿಂದ ನಿಧಾನವಾಗಿ ತಿರುಗಿಸುತ್ತಾ ಮಡಕೆ ಎತ್ತುತ್ತಿದ್ದರು. ಅದು ತಿಗರಿಯಲ್ಲ, ಅದರ ವೇಗದಿಂದ ಮಣ್ಣು ಮೇಲೇಳುವುದಿಲ್ಲ. ಕೆಲಸದ ಮಗ್ಗುಲು ಬದಲಿಸಿಕೊಳ್ಳಲು ಒಂದು ಅನುಕೂಲ ಅಷ್ಟೇ.

ಮಣ್ಣು ಬಿರಿಯದಿರಲಿ ಎಂದು ಜ್ವಾಲಾಮುಖಿಯ ಬೂದಿಯನ್ನೋ ಪುಡಿ ಮಾಡಿದ ಸುಣ್ಣಕಲ್ಲನ್ನೋ ಬೆರೆಸುತ್ತಿದ್ದರು. ಸುಣ್ಣಕಲ್ಲು ಬೆರೆತ ಮಣ್ಣನ್ನು ತೀರಾ ಕಾಯಿಸುವಂತಿಲ್ಲ, ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಕಲ್ಲು ಸುಟ್ಟ ಸುಣ್ಣವಾಗಿ, ತೇವ ಹೀರಿ ಉಬ್ಬಿ ಮಡಕೆಯನ್ನು ಒಡೆಯುತ್ತದೆ. ಆದ್ದರಿಂದ ಹದವಾದ ಸುಡುವಿಕೆ ಅನಿವಾರ್ಯವಾಗಿತ್ತು. ಗಾಜಿನ ಲೇಪ ಅವರಿಗೆ ಗೊತ್ತಿರಲಿಲ್ಲ. ಬಣ್ಣವೆಂದರೆ ನುಣ್ಣಗೆ ಸೋಸಿದ ಬಣ್ಣದ ಮಣ್ಣಿನ ಬಗ್ಗಡವೇ: ಕಬ್ಬಿಣದ ಅಂಶದಿಂದ ಕೆಂಪು ಮತ್ತು ಕಿತ್ತಳೆ, ಕಬ್ಬಿಣ ಮ್ಯಾಂಗನೀಸುಗಳಿಂದ ಕಪ್ಪು, ಹಿನ್ನೆಲೆಗೆ ಕೆನೆಬಣ್ಣ. ಇವೆಲ್ಲವನ್ನೂ ಸುಡುವ ಮೊದಲೇ ಬರೆದು, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಪ್ರಸಿದ್ಧವಾದ ಮಾಯಾ ನೀಲಿ ಬೆಂಕಿಯ ನಂತರದ್ದು. ಅದು ನೀಲಿಗಿಡದ ಬಣ್ಣವನ್ನು ಪಾಲಿಗೋರ್ಸ್ಕೈಟ್ ಎಂಬ ಜೇಡಿಯ ಜೊತೆ ಕಾಯಿಸಿ ಮಾಡಿದ್ದು, ಗಾರೆ ಬಳಿದ ಮೇಲ್ಮೈಗೆ ಹಚ್ಚುತ್ತಿದ್ದರು. ಅಂಥ ಗಾರೆಯ ಪಾತ್ರೆಯನ್ನು ದಿನನಿತ್ಯ ತೊಳೆದರೆ ಚಿತ್ರ ಉಳಿಯದು. ಬಳಕೆಯನ್ನು ಗುರುತಿಸಲು ಇದೂ ಒಂದು ಸುಳಿವು: ಬೆಂಕಿಯಲ್ಲಿ ಬೆಂದ ಬಣ್ಣ ನೀರು ಕಾಣಲು ಸಿದ್ಧ, ಮೇಲೆ ಹಚ್ಚಿದ ಬಣ್ಣ ಅಲ್ಲ.

ನಮ್ಮ ಸೀಮೆಯಲ್ಲಿ ಮದುವೆಗೆ ಕೊಡುವ ಐರಾಣಿ ಗಡಿಗೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅವುಗಳ ಮೇಲೆ ಸುಣ್ಣ ಕೆಮ್ಮಣ್ಣಿನ ಚಿತ್ತಾರವನ್ನು ಸುಟ್ಟ ಮೇಲೆ ಬರೆಯುತ್ತೇವೆ, ಏಕೆಂದರೆ ಅವು ಆ ಒಂದು ಶುಭಕಾರ್ಯಕ್ಕೆ ಸಾಕು. ಬಾವಿಗೆ ಒಯ್ಯುವ ಕೊಡಕ್ಕೆ ಹಾಗೆ ಯಾರೂ ಬರೆಯುವುದಿಲ್ಲ.

ಉತ್ತರ: ವಿದ್ಯಾನಗರದ ಅಧ್ಯಾಪಕಿ (ದಾವಣಗೆರೆ)

ಹೊಳಲ್ಕೆರೆಯವರ ತಕರಾರು ಸರಿಯಾದದ್ದು. ನಾನು ಬರಹಕ್ಕೆ ಹೆಚ್ಚು ಒತ್ತು ಕೊಟ್ಟದ್ದು ಪ್ರಶ್ನೆ ಅಲ್ಲಿಂದ ಹುಟ್ಟಿತ್ತೆಂಬ ಕಾರಣಕ್ಕೆ. ಪೂಜೆ ಮತ್ತು ಸಮಾಧಿಯ ಭಾಗವನ್ನು ಈಗ ಪೂರೈಸುತ್ತೇನೆ.

ಪೂಜೆಗೆಂದೇ ಮಾಡಿದ ಮಡಕೆಗಳು ಖಂಡಿತವಾಗಿ ಇದ್ದವು, ಅವು ಧೂಪದ ಪಾತ್ರೆಗಳು. ಕೋಪಾಲ್ ಎಂಬ ಮರದಂಟನ್ನು ಉರಿಸುವ ಈ ಪಾತ್ರೆಗಳಲ್ಲಿ ಅತಿ ಭವ್ಯವಾದವು ಮೆಕ್ಸಿಕೋದ ಪಲೆಂಕೆಯವು. ಕೊಳವೆಯಂಥ ಮಣ್ಣಿನ ಕಂಬದ ಮುಂದೆ ದೇವರ ಮುಖ, ಅದರ ಮೇಲೂ ಕೆಳಗೂ ಮುಖವಾಡಗಳ ಸಾಲು, ಎರಡು ಬದಿಗೆ ರೆಕ್ಕೆಯಂಥ ಪಟ್ಟಿ, ತಲೆಯ ಮೇಲೆ ಕೆಂಡದ ಬೋಗುಣಿ. ಕೆಲವು ಒಂದು ಮೀಟರಿಗೂ ಎತ್ತರವಾಗಿವೆ. ಬಳಸಿ ಮುಗಿದ ಮೇಲೆ ಅವುಗಳನ್ನು ಎಸೆಯುತ್ತಿರಲಿಲ್ಲ, ದೇಗುಲದ ಜಗತಿಯೊಳಗೇ ಹೂಳುತ್ತಿದ್ದರು. ಚಿಯಾಪಾಸ್ ಕಾಡಿನ ಲಕಾಂಡೋನ್ ಜನರು 20ನೇ ಶತಮಾನದಲ್ಲಿಯೂ ಅಂಚಿನಲ್ಲಿ ದೇವರ ಮುಖವಿರುವ ಬೋಗುಣಿಗಳಲ್ಲಿ ಧೂಪ ಹಾಕಿ, ಆ ಮುಖದ ಬಾಯಿಗೆ ನೈವೇದ್ಯ ಮುಟ್ಟಿಸುತ್ತಿದ್ದರು.

ಸಮಾಧಿಯ ವಿಷಯದಲ್ಲಿ ಒಂದು ಗುರುತನ್ನು ಮರೆಯಬೇಡಿ. ಕೆಲವು ಬಣ್ಣದ ತಟ್ಟೆಗಳ ನಡುವೆ, ಚಿತ್ರದ ಮೇಲೆಯೇ, ಒಂದು ತೂತು ಕೊರೆದಿರುತ್ತದೆ. ಅಂಥ ತಟ್ಟೆಯನ್ನು ಸತ್ತವರ ತಲೆಯ ಮೇಲೋ ಮುಖದ ಮೇಲೋ ಮುಚ್ಚಿ ಇಟ್ಟಿರುವುದುಂಟು. ತೂತು ಸುಟ್ಟ ನಂತರ ಕೊರೆದದ್ದು. ಅಂದರೆ ಊಟದ ತಟ್ಟೆಯಾಗಿದ್ದದ್ದನ್ನು ಇನ್ನು ಯಾರೂ ಉಣ್ಣಲಾರದಂತೆ ಮಾಡಿ ಸಮಾಧಿಗೆ ಒಪ್ಪಿಸಿದ್ದಾರೆ.

ಬ್ರಹ್ಮಗಿರಿಯನ್ನು ಪಕ್ಕಕ್ಕಿಟ್ಟು ಹೇಳುವಾಗ ಈ ಅಂಶ ನಿಮಗೆ ಉಪಯೋಗಕ್ಕೆ ಬರುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕ ಕಪ್ಪು ಕೆಂಪು ಮಡಕೆಗಳ ಜಾತಿಯೇ ಜನವಸತಿಯ ಪದರಗಳಲ್ಲಿಯೂ ಸಿಕ್ಕಿದೆ. ಅಲ್ಲಿಯೂ ಮನೆಯ ಮಡಕೆಯೇ ಗೋರಿಗೆ ಹೋಗಿದೆ. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಚಂದ್ರವಳ್ಳಿಯಲ್ಲಿ ಮೈಸೂರಿನ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರ ಕಾಲದಿಂದ ಸಿಗುತ್ತಿರುವ ಬಿಳಿ ಗೆರೆಗಳ ಕೆಂಗಂದು ಮಡಕೆಗಳು ಸಾತವಾಹನರ ಕಾಲದವು. ಅವುಗಳ ಚಿತ್ತಾರ ಗೆರೆ, ಚುಕ್ಕೆ, ಬಲೆಯಂಥ ವಿನ್ಯಾಸ. ಕಥೆಯೂ ಇಲ್ಲ, ಒಡೆಯನ ಹೆಸರೂ ಇಲ್ಲ. ಮಾಯಾ ಲೋಟಕ್ಕೂ ಅವಕ್ಕೂ ಯಾವ ಸಂಪರ್ಕವೂ ಇಲ್ಲವೆಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಇಲ್ಲವಾದರೆ ಸಭಿಕರಲ್ಲಿ ಒಬ್ಬರಾದರೂ ಮಯಾಸುರನನ್ನು ಎಳೆದುತಂದು ನಿಮ್ಮ ಅರ್ಧ ಗಂಟೆ ತಿನ್ನುತ್ತಾರೆ.

ಪರದೆಯ ಮೇಲೆ ಒಂದೇ ಲೋಟ ತೋರಿಸುವಷ್ಟು ಸಮಯವಿದ್ದರೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿರುವ, ಸುಮಾರು 21 ಸೆಂಟಿಮೀಟರ್ ಎತ್ತರದ 8ನೇ ಶತಮಾನದ ಆಸುಪಾಸಿನ ಲೋಟವನ್ನು ತೋರಿಸಿ. ಅದರ ಮೂಲ ಸ್ಥಳ ದಾಖಲಾಗಿಲ್ಲ ಎಂಬುದನ್ನೂ ಹೇಳಿ. ಜಸ್ಟಿನ್ ಕೆರ್ ಅವರು 1970ರ ದಶಕದಲ್ಲಿ ರೂಪಿಸಿದ ಕ್ಯಾಮೆರಾ ವಿಧಾನದಲ್ಲಿ, ತಿರುಗುವ ಪೀಠದ ಮೇಲಿನ ಲೋಟದ ಸುತ್ತಲಿನ ಚಿತ್ರವನ್ನು ಚಾಪೆ ಬಿಡಿಸಿದಂತೆ ಉದ್ದವಾಗಿ ತೆಗೆದ ಫೋಟೋ ಸಿಗುತ್ತದೆ. ಅದರಲ್ಲಿ ಪಾತಾಳದ ಮುದಿ ದೇವತೆಯೊಬ್ಬ ತನ್ನ ಮನೆಯಲ್ಲಿ ಪೀಠದ ಮೇಲೆ ಕುಳಿತು ಹೆಂಗಸೊಬ್ಬಳ ಕೈಗೆ ಬಳೆ ತೊಡಿಸುತ್ತಿದ್ದಾನೆ. ಕೆಳಗೆ ಒಂದು ಮೊಲ ಜಾಗ್ವಾರ್ (ಚಿರತೆಯಂಥ ಪ್ರಾಣಿ) ಚರ್ಮದ ಹೊದಿಕೆಯ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದೆ. ಎಡಗಡೆ ಮುಖವಾಡ ತೊಟ್ಟ ಇಬ್ಬರು ಕೈ ಕಟ್ಟಿದ ಸೆರೆಯಾಳಿನ ತಲೆ ಕಡಿಯುತ್ತಿದ್ದಾರೆ. ಸಭಿಕರ ಕಣ್ಣೆಲ್ಲ ಅತ್ತ ಹೋಗುತ್ತದೆ. ನೀವು ಅವರನ್ನು ಪೀಠದ ಹಿಂದೆ ನಿಂತ ಹೆಂಗಸಿನ ಕಡೆಗೆ ತಿರುಗಿಸಿ. ಆಕೆ ಎತ್ತಿ ಹಿಡಿದ ನೀಳ ಲೋಟದಿಂದ ಕೆಳಗಿಟ್ಟ ಇನ್ನೊಂದು ಪಾತ್ರೆಗೆ ಕೋಕೋ ಸುರಿಯುತ್ತಿದ್ದಾಳೆ. ನೊರೆ ಬರಿಸುವ ಕಡೆಗೋಲು ಆ ನಾಡಿಗೆ ಬಂದದ್ದು ಸ್ಪೇನಿನವರ ಕಾಲದಲ್ಲಿ. ಅದಕ್ಕೆ ಮೊದಲು ನೊರೆ ಏಳಿಸುತ್ತಿದ್ದುದು ಹೀಗೆ ಎತ್ತರದಿಂದ ಸುರಿದೇ, ಮತ್ತು ಹಾಗೆ ಸುರಿದಾಗ ಉಕ್ಕುವ ನೊರೆ ಹೊರಚೆಲ್ಲದಿರಲು ಬೇಕಾದದ್ದು ಗೋಡೆ ನೇರವಾಗಿರುವ ಆಳವಾದ ಪಾತ್ರೆ. ನೀಳ ಲೋಟದ ಆಕಾರ ಯಾಕೆ ಹಾಗಿದೆ ಎಂಬುದಕ್ಕೂ, ಇಂಥ ಪಾತ್ರೆಯಲ್ಲಿ ಯಾರಾದರೂ ಕುಡಿಯುತ್ತಿದ್ದರೇ ಎಂಬ ನಿಮ್ಮ ಮೊದಲ ಪ್ರಶ್ನೆಗೂ ಆ ಲೋಟದ ಮೇಲೆಯೇ ಚಿತ್ರವಿದೆ.